ಕುಲುಮೆಯ ಬಾಗಿಲು ಮತ್ತು ಕೊಟ್ರಪ್ಪನ ಅಜಾಗರೂಕತೆ

ವಿದ್ಯುತ್ ಉಳಿತಾಯದ ತಪಾಸಣಾಧಿಕಾರಿಗಳೇ,

ತಮ್ಮ ನೋಟಿಸು ಕೈಸೇರಿದೆ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಗೇರ್‌ಗಳನ್ನು ಕಾಯಿಸುವ ಕುಲುಮೆ ವಿಪರೀತ ಕರೆಂಟು ತಿನ್ನುತ್ತಿದೆ, ಅದಕ್ಕೆ ಕಾರಣ ಕೆಲಸಗಾರ ಕೊಟ್ರಪ್ಪನ ಅಜಾಗರೂಕತೆ, ವಾರದೊಳಗೆ ಅವನನ್ನು ತೆಗೆಯದಿದ್ದರೆ ಸಂಪರ್ಕ ಕಡಿತ ಎಂದು ಅಪ್ಪಣೆಯಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರ ಬಗ್ಗೆ ಕೇಳಿದ್ದೆ. ಅವರು ಸರ್ಕಾರಿ ಜೀಪಿನಲ್ಲಿ ಬರುತ್ತಾರೆಂದು ತಿಳಿದಿರಲಿಲ್ಲ.

ತಾವು ಕಂಡದ್ದು ಸುಳ್ಳಲ್ಲ. ಕೊಟ್ರಪ್ಪ ಹತ್ತು ನಿಮಿಷಕ್ಕೊಮ್ಮೆ ಕುಲುಮೆಯ ಬಾಗಿಲು ತೆರೆಯುತ್ತಾನೆ, ಕಾವು ಹೊರಗೆ ಹೋಗುತ್ತದೆ. ಏಕೆಂದು ತಾವು ಗದರಿದಾಗ ಅವನು ಹೇಳಿದ್ದೂ ಸ್ಪಷ್ಟವಾಗಿಯೇ ಇತ್ತು:

"ಸಾರ್, ಕಾವು ತೋರ್ಸೋ ಡಬ್ಬಿ ಕೆಟ್ಟು ಎಂಟು ತಿಂಗ್ಳಾತ್ರಿ. ಬಾಗ್ಲು ತೆಗೀದಿದ್ರೆ ಕಬ್ಬಿಣದ ಬಣ್ಣ ಹೆಂಗ್ ಕಾಣ್ತತ್ರಿ?"

"ಎದುರು ಮಾತಾಡ್ಬೇಡ" ಎಂದು ತಾವು ಹೊರಟಿರಿ.

ಆ ಡಬ್ಬಿ ಅಮೆರಿಕದ್ದು. ಕಾವನ್ನು ತಾನೇ ಅಳೆದು ಕರೆಂಟನ್ನು ತಾನೇ ತಗ್ಗಿಸುತ್ತಿತ್ತು. ಅದಿದ್ದಾಗ ಇದೇ ಕುಲುಮೆಗೆ ತಮ್ಮ ಕಚೇರಿಯೇ ಪ್ರಶಸ್ತಿಪತ್ರ ಕೊಟ್ಟಿತ್ತು, ನೆನಪಿದೆಯೇ? ಕಳೆದ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಬಾಂಬು ಸಿಡಿದಾಗ ನಾವೂ ಪೇಡ ಹಂಚಿದೆವು. ಆಮೇಲೆ ಅಮೆರಿಕದವರು ಇಂಥ ಸಾಮಾನುಗಳ ಮಾರಾಟಕ್ಕೆ ನಿರ್ಬಂಧ ಹೇರಿದರು. ಅದು ಬಾಂಬಿಗೆ ತಟ್ಟಿತೋ ಇಲ್ಲವೋ ಬಲ್ಲವರು ಹೇಳಲಿ, ನಮ್ಮ ಮೀಟರಿಗಂತೂ ತಟ್ಟಿತು. ಇದರಲ್ಲಿ ಕೊಟ್ರಪ್ಪನ ಪಾಲೆಷ್ಟು? ಬಾಂಬು ಅವನೇ ಸಿಡಿಸಿದನೇ?

ತಪ್ಪು ಬೇಕೇ ಬೇಕೆಂದರೆ ಅದು ನನ್ನದು. ಡಬ್ಬಿ ಕೆಟ್ಟಾಗ ಬಿಡಿಭಾಗ ಕಳಿಸಿರೆಂದು ಬರೆದೆ. ಅದು ಯಾವ ಕೆಲಸಕ್ಕೆ ಎಂದು ಕೇಳಿ ಆ ಕಂಪನಿಯವರು ಫಾರಂ ಕಳಿಸಿದ್ದರು. ಮೊಪೆಡ್ಡಿನ ಗೇರಿಗೆ ಎಂದಷ್ಟೇ ಬರೆದಿದ್ದರೆ ಬಹುಶಃ ಬರುತ್ತಿತ್ತು. ಹಿಂದೊಮ್ಮೆ ರಕ್ಷಣಾ ಕೆಲಸಕ್ಕೆ ಐನೂರು ಬೋಲ್ಟು ಕಾಯಿಸಿಕೊಟ್ಟದ್ದನ್ನೂ ಜಂಭದಿಂದ ಸೇರಿಸಿದೆ. ಟೆಂಡರುಗಳಿಗೆ ಹಾಗೆ ಬರೆದು ಬರೆದು ಕೈಗೆ ಅಭ್ಯಾಸವಾಗಿತ್ತು. ರಕ್ಷಣಾ ಕೆಲಸ ಮಾಡುವವರಿಗೆ ಕೊಡುವುದಿಲ್ಲವೆಂದು ಎರಡೇ ಸಾಲಿನ ಉತ್ತರ ಬಂತು.

ಅಂದಿನಿಂದ ಆ ಉರಿ ನೋಡಿ ನೋಡಿ ಕೊಟ್ರಪ್ಪನ ಕಣ್ಣು ಕೆಂಡವಾಗಿದೆ, ಸದಾ ನೀರು. ಊಟಕ್ಕೆ ಕೂತರೆ ತಟ್ಟೆ ತಡಕುತ್ತಾನೆ. ಆದರೂ ಒಂದೇ ಒಂದು ಗೇರು ಬಿರುಕು ಬಿಟ್ಟು ವಾಪಸು ಬಂದಿಲ್ಲ. ಇಂಥವನಿಗೆ ತಾವು ಇಟ್ಟ ಹೆಸರು ಅಜಾಗರೂಕ. ಅದನ್ನು ಓದಿ ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು.

ಆದ್ದರಿಂದ ನೋಟಿಸಿನಲ್ಲಿ ಅವನ ಹೆಸರು ಹೊಡೆದುಹಾಕಿ ನನ್ನದನ್ನು ಬರೆಯಿರಿ. ಆಗದೇ? ಹಾಗಾದರೆ ಒಂದು ಪಾಳಿ ತಾವೇ ಬಂದು ಕುಲುಮೆಯ ಮುಂದೆ ನಿಲ್ಲಿ. ಬಾಗಿಲು ತೆರೆಯದೆ ಒಂದೇ ಒಂದು ಗೇರನ್ನು ಹದವಾಗಿ ಕಾಯಿಸಿ ತೋರಿಸಿ. ತೋರಿಸಿದರೆ ಫ್ಯೂಸನ್ನು ನಾನೇ ಕಿತ್ತು ತಮ್ಮ ಕೈಗಿಡುತ್ತೇನೆ. ಕೊಟ್ರಪ್ಪನನ್ನು ಮಾತ್ರ ತೆಗೆಯುವುದಿಲ್ಲ.

ಇಂತಿ,
ತಮ್ಮ ಕಣ್ಣಿಗೆ ಬೀಳದೆ ಉಳಿದ ಅಪರಾಧಿ,
ಸೊಣ್ಣಪ್ಪ
ಪೀಣ್ಯ, ಏಪ್ರಿಲ್ ೧೯೯೯