ಅಕ್ಕನಿಗೆ ಕೊಡಬಾರದ ಬೀಜ

ತಮ್ಮಾ ಅಮೋಲ,

ರಾತ್ರಿ ಬಾಗಿಲು ಬಡಿದವರು ಪಕ್ಕದ ಹೊಲದ ಭೀಮಸಿ ಕಾಕಾ. ಎಲೆಗಳು ಹಳದಿ ಮಚ್ಚೆಗಟ್ಟಿ ಮುದುಡಿದ ಬೀನ್ಸ್ ಗಿಡವೊಂದು ಅವರ ಕೈಯಲ್ಲಿತ್ತು. ನಮ್ಮ ಹೊಲದ ಬೀನ್ಸ್‌ಗೆ ಬಂದಿರುವ ರೋಗವೇ ಅದು.

"ನಾ ಕಬ್ಬಿಗೆ ಹೊಡದ ಕಸ ಸಾಯೂ ಎಣ್ಣಿ ಹಾರಿ ಬಂದು ನಿಮ್ಮ ಬೆಳಿ ಸುಟ್ಟೈತಿ ಅಂತ ನಿನ್ನ ತಮ್ಮ ಬೈದನಲ್ಲೋ! ನನ್ನ ಹಿತ್ತಲಕ ಯಾರ ಎಣ್ಣಿ ಬಂತು?" ಎಂದರು.

ಹಿತ್ತಲಲ್ಲಿ ಅವರು ಬಿತ್ತಿದ್ದು ನಮ್ಮ ಮನೆಯ ಬೀಜವನ್ನೇ. ನಂಜು ಬೀಜದೊಳಗೇ ಇದೆ.

ನಾನು ರೋಗದ ಗಿಡಗಳನ್ನು ಕೀಳಲು ಹೊರಟಿದ್ದೇನೆ. ಉಳಿದ ಬೀಜವನ್ನೆಲ್ಲ ನೀನು ಒಲೆಗೆ ಹಾಕು. ಕರೋಶಿಯ ಅಕ್ಕ ಬಿತ್ತನೆಗೆ ಬೀಜ ಒಯ್ಯಲು ಇಂದು ಬರುತ್ತಾಳೆ. ಅತ್ತರೂ ಒಂದು ಕಾಳನ್ನೂ ಕೊಡಬೇಡ. ಅವಳಿಗಿರುವುದು ಒಂದೇ ಹೊಲ, ಅದಕ್ಕೂ ರೋಗ ತಗಲುತ್ತದೆ. ಆಮೇಲೆ ಹೋಗಿ ಕಾಕಾನ ಕಾಲು ಹಿಡಿ.

ಹೋದ ವರ್ಷ ರೋಗದ ಗಿಡಗಳ ಕಾಯಿಗಳನ್ನೂ ಬಿಡದೆ ಒಣಗಿಸಿ, ಬೂದಿ ಸವರಿ, ಬೀಜಕ್ಕೆಂದು ಗಡಿಗೆ ತುಂಬಿದವಳು ನಮ್ಮ ಅವ್ವ.