ಮೂವತ್ತನೆಯ ಪೊಟ್ಟಣ

ಕೋಟೆ, ಶಿವಮೊಗ್ಗ
೨೨ ಫೆಬ್ರವರಿ ೨೦೨೬, ಭಾನುವಾರ

ಪ್ರಿಯ ತನುಶ್ರೀ,

ಪ್ರಿಯ ಎಂದು ಬರೆದ ಮೇಲೆ ಎರಡು ನಿಮಿಷ ಪೆನ್ನು ಎತ್ತಿ ಹಿಡಿದು ಕೂತಿದ್ದೆ. ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ, ಬಿಟ್ಟರೆ ನೀನು ನಗುತ್ತೀಯ. ನಗು ಮಾರಾಯ್ತಿ. ನಿನ್ನನ್ನು ನಗಿಸಿ ತಿಂಗಳ ಮೇಲಾಯಿತು.

ಈ ಕಾಲದಲ್ಲಿ ಕಾಗದ ಯಾಕೆ ಎಂದರೆ, ವಾಟ್ಸ್ಯಾಪಿನಲ್ಲಿ ನಾನು ಕಳಿಸಿದ ಹನ್ನೊಂದು ಸಂದೇಶಗಳಿಗೂ ಒಂದೊಂದೇ ಟಿಕ್ ಬಿದ್ದಿದೆ. ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ ಎಂದು ತಿಳಿಯಲು ಎಂ.ಎಸ್ಸಿ. ಓದಬೇಕಿಲ್ಲ. ನಿನ್ನ ಮಗಳು ಲಿಖಿತಾಳ ಉತ್ತರ ಪತ್ರಿಕೆಯಲ್ಲಿ ನಾನು ಹಾಕದೆ ಬಿಟ್ಟ ಒಂದು ಟಿಕ್ಕನ್ನು ನಿನ್ನ ಫೋನು ನನಗೆ ಹನ್ನೊಂದು ಸಲ ಹಾಕಿ ತೋರಿಸಿದೆ. ಲೆಕ್ಕ ಬಡ್ಡಿ ಸಮೇತ ಚುಕ್ತಾ ಎಂದುಕೊಂಡೆ. ಆಗಿಲ್ಲ, ಗೊತ್ತು.

ನಿನ್ನ ಪ್ರಶ್ನೆ ನನ್ನ ಹತ್ತಿರವೇ ಇದೆ. ಫೆಬ್ರವರಿ ಎರಡನೇ ತಾರೀಕು ಲಿಖಿತಾಳ ಶಾಲೆ ಡೈರಿಯಲ್ಲಿ, ಪೋಷಕರು ಸಹಿ ಮಾಡುವ ಜಾಗದಲ್ಲಿ ನೀನು ಬರೆದು ಕಳಿಸಿದ್ದೆ: ಇಪ್ಪತ್ತೊಂಬತ್ತು ತಪ್ಪಾದರೆ ಮೂವತ್ತನೆಯದು ಎಲ್ಲಿದೆ? ಕೆಳಗೆ ನಿನ್ನ ಸಹಿ. ನಾನು ಪಕ್ಕದಲ್ಲಿ 'ನೋಡಿದೆ' ಎಂದು ಬರೆದು ಡೈರಿ ವಾಪಸು ಕೊಟ್ಟೆ. ಇಪ್ಪತ್ತು ದಿನ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಮಕ್ಕಳಾಗಿದ್ದರೆ ತಡಕ್ಕೇ ಅರ್ಧ ಅಂಕ ಕತ್ತರಿಸುತ್ತಿದ್ದೆ.

ಮೊದಲು ಟೀಚರಾಗಿ ನನ್ನ ವಾದ ಹೇಳಿಬಿಡುತ್ತೇನೆ. ಗಣಿತ ಮೇಳಕ್ಕೆ ಮಗುವನ್ನು ಆರಿಸಲು ಶಾಲೆಯಲ್ಲಿ ಇಟ್ಟ ಆ ಸ್ಪರ್ಧೆಯ ಹತ್ತೂ ಒಗಟುಗಳು ನಮ್ಮ 'ಋತುಲೆಕ್ಕ' ಪುಸ್ತಕದವು. ಉತ್ತರಗಳಿರುವುದು ಟೀಚರ ಪ್ರತಿಯಲ್ಲಿ ಮಾತ್ರ. ಸಂಕ್ರಾಂತಿಯ ಪುಟದ ಒಗಟು ಹೀಗಿತ್ತು: ನಿಮ್ಮ ಕೇರಿಯ ಆರು ಮನೆಯವರು ಹಬ್ಬದ ದಿನ ಒಬ್ಬರಿಗೊಬ್ಬರು ಎಳ್ಳಿನ ಪೊಟ್ಟಣ ಹಂಚಿದರು. ಒಟ್ಟು ಎಷ್ಟು ಪೊಟ್ಟಣ? ಕಾರಣ ಬರೆಯಿರಿ. ಎರಡು ಅಂಕ. ಆರು ಮನೆ, ಒಂದೊಂದು ಮನೆಯಿಂದ ಐದೈದು, ಆರೈದಲೆ ಮೂವತ್ತು. ಐದನೇ ಕ್ಲಾಸಿನಲ್ಲಿ ಕೆಲವರು ಹದಿನೈದು ಬರೆದರು. ಒಬ್ಬ ಮೂವತ್ತಾರು ಬರೆದ, ತನ್ನ ಮನೆಗೂ ತಾನೇ ಕೊಟ್ಟುಕೊಂಡ ಉದಾರಿ. ಇಪ್ಪತ್ತೊಂಬತ್ತು ಬರೆದವಳು ನಿನ್ನ ಮಗಳೊಬ್ಬಳೇ. ಸೊನ್ನೆ ಕೊಟ್ಟೆ. ಇಪ್ಪತ್ತಕ್ಕೆ ಅವಳಿಗೆ ಹದಿನೆಂಟಾಯಿತು, ಅದೇ ಕ್ಲಾಸಿನ ಸುದೀಪನಿಗೆ ಹತ್ತೊಂಬತ್ತು. ಜಿಲ್ಲಾ ಗಣಿತ ಮೇಳಕ್ಕೆ ಶಾಲೆಯಿಂದ ಒಬ್ಬರೇ ಹೋಗಬೇಕು, ಸುದೀಪ ಹೋದ. ಈ ತಿಂಗಳ ಹದಿನಾಲ್ಕನೇ ತಾರೀಕು ಮೇಳ ಮುಗಿಯಿತು. ಅವನು ಒಂದು ಸ್ಟೀಲ್ ಟಿಫನ್ ಬಾಕ್ಸ್ ಗೆದ್ದು ತಂದ. ಲಿಖಿತಾ ಅವನ ಕೈ ಕುಲುಕಿ, ಮುಚ್ಚಳ ಗಟ್ಟಿ ಇದೆಯಾ ನೋಡು ಅಂತ ಹೇಳಿ ತನ್ನ ಬೆಂಚಿಗೆ ಹೋಗಿ ಕೂತಳು.

ಕಳೆದ ಯುಗಾದಿಯಿಂದ ಆ ಮೇಳದ ದಿನ ಎಣಿಸುತ್ತಿದ್ದವಳು ಅವಳು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಒಗಟುಗಳನ್ನೆಲ್ಲ ಮೊದಲು ಬಿಡಿಸುತ್ತಿದ್ದವಳೇ ಅವಳು. ಅವಳಿಗೆ ಹೊಳೆಯದ್ದನ್ನು ನಾವು ಬಿಸಾಕುತ್ತಿದ್ದೆವು.

ಪ್ರಶ್ನೆ ನಿನ್ನದು, ಉತ್ತರ ನನ್ನದು. ಐದು ವರ್ಷ ಹಾಗೇ ನಡೆಯಿತಲ್ಲ. ನೀನು ಕಿಟಕಿ ಪಕ್ಕ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದಾಗ ಏನೋ ಹೊಳೆಯುತ್ತಿತ್ತು, ಅಲ್ಲಿಂದಲೇ ಕೇರಿ ದಾಟುವ ಹಾಗೆ ಸೌಂದೀ ಅಂತ ಕೂಗುತ್ತಿದ್ದೆ. ನಾನು ಒಗ್ಗರಣೆ ಸೌಟು ಹಿಡಿದೇ ಓಡಿ ಬರುತ್ತಿದ್ದೆ. ಆ ಮಳೆಗಾಲದ ಒಗಟು ನೆನಪಿದೆಯಾ? ನಾಲ್ವರು ಮಕ್ಕಳು, ಒಂದೇ ಕೊಡೆ, ಒಂದು ಸಲಕ್ಕೆ ಇಬ್ಬರು. ಯಾರೂ ನೆನೆಯದೆ ಶಾಲೆ ಸೇರಲು ಕೊಡೆ ಎಷ್ಟು ಸಲ ರಸ್ತೆ ದಾಟಬೇಕು? ಐದು ಸಲ ಅಂತ ನಾನು ಥಟ್ಟನೆ ಹೇಳಿದೆ, ಡಿಗ್ರಿಯ ಗತ್ತಿನಲ್ಲಿ. ನೀನು ಸೂಜಿಗೆ ದಾರ ಪೋಣಿಸುತ್ತಾ, ಅದು ಸರಿ ಕಣೇ, ಪ್ರತಿ ಸಲ ಕೊಡೆ ವಾಪಸು ತರೋಳಿಗೆ ಹಾಜರಿ ಸಿಗುತ್ತೋ ಇಲ್ವೋ, ಅದನ್ನೂ ಕೇಳು ಅಂದೆ. ಲೆಕ್ಕದ ಹೊರಗೆ ನಿಂತವರು ಯಾವಾಗಲೂ ನಿನ್ನ ಕಣ್ಣಿಗೇ ಬೀಳುತ್ತಿದ್ದರು. ಪಿಯುಸಿಗೆ ನಿಲ್ಲಿಸಿ ಮದುವೆಯಾದವಳು ನೀನು. ನಾನು ಎಂ.ಎಸ್ಸಿ., ಬಿ.ಎಡ್. ನನ್ನ ಎರಡೂ ಡಿಗ್ರಿ ಸೇರಿಸಿ ಹಿಂಡಿದರೂ ಅಂಥ ಒಂದು ಒಗಟು ಇಳಿಯುತ್ತಿರಲಿಲ್ಲ. ಅದು ನನಗೆ ಮೊದಲ ವರ್ಷವೇ ಗೊತ್ತಾಗಿತ್ತು. ಐದು ವರ್ಷ ನಗುನಗುತ್ತಾ ನುಂಗಿಕೊಂಡಿದ್ದೆ.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಕವರ್ ಮೇಲೆ ಹೊರಗಿನವರ ಹೆಸರು ಹಾಕುವ ಹಾಗಿಲ್ಲ ಅಂತ ಹೆಡ್ಮಾಸ್ಟರ್ ಹೂವಪ್ಪನವರು ಅಂದರು, ನನ್ನ ಕೈಯಲ್ಲೇನಿದೆ ಅಂತ ಪಕ್ಕದ ಮನೆ ಜಲಜಮ್ಮನ ಹತ್ತಿರ ನಿನಗೆ ಹೇಳಿ ಕಳಿಸಿದ್ದೆ. ಅದು ಸುಳ್ಳು. ಹೂವಪ್ಪ ಮೇಷ್ಟ್ರು ಅಂದದ್ದು ಬೇರೆ. ನಾಲ್ಕನೇ ಕ್ಲಾಸಿಗೂ ಐದಕ್ಕೂ ವರ್ಷಪೂರ್ತಿ ಆಗುತ್ತಲ್ರೀ ಮಿಸ್, ಯುಗಾದಿಗೆ ಶುರು ಮಾಡಿದ್ರೆ ಸಂಕ್ರಾಂತಿ ತನಕ ನಲವತ್ತೆರಡು ಒಗಟು, ಚೆನ್ನಾಗಿ ಮಾಡಿದೀರಿ, ಕವರ್ ಮೇಲೆ ಯಾರ್ಯಾರ ಹೆಸರು ಬರಬೇಕೋ ಒಂದು ಚೀಟಿಲಿ ಬರ್ಕೊಡಿ ಅಂದರು. ಯಾರ್ಯಾರ ಎಂದು ಬಹುವಚನದಲ್ಲೇ ಕೇಳಿದರು. ನಾನು ಏಕವಚನದಲ್ಲಿ ಬರೆದುಕೊಟ್ಟೆ. ಕೋಸಂಬರಿಗೆ ಹೆಸರು ನೆನೆಹಾಕಿದ್ದು ನೀನು, ಬಡಿಸುವಾಗ ಎಲೆಯ ಮೇಲೆ ನನ್ನ ಹೆಸರು. ಕೊಡೆಯ ಒಗಟು ಕಟ್ಟಿದವಳು ನೀನು, ಕೊಡೆ ಎಂದು ಕೂತವಳು ನಾನು. ನೋಡು, ಇಷ್ಟರಲ್ಲೂ ನನಗೆ ಮಾತು ಮಡಚುವುದೇ ಸುಖ. ನಾಚಿಕೆಯಾದಾಗೆಲ್ಲ ನನಗೆ ಶ್ಲೇಷೆ ಬರುತ್ತದೆ, ಬೇರೆಯವರಿಗೆ ಬೆವರು ಬಂದ ಹಾಗೆ.

ಇನ್ನೊಂದು. ಸಂಕ್ರಾಂತಿಯ ಒಗಟಿನಲ್ಲಿ ನೀನು ಬರೆದಿದ್ದ ಒಂದು ಸಾಲು ಪುಸ್ತಕದಲ್ಲಿಲ್ಲ. 'ಒಂದು ಕೇರಿಯಲ್ಲಿ ಆರು ಮನೆ, ಪ್ರತಿ ಮನೆಯಿಂದಲೂ ಉಳಿದ ಎಲ್ಲ ಮನೆಗೂ ತಪ್ಪದೆ ಒಂದೊಂದು' ಎಂದು ನೀನು ಬಿಗಿಯಾಗಿ ಕಟ್ಟಿದ್ದೆ. ಪ್ರೆಸ್ಸಿನವರು ಪುಟಕ್ಕೆ ಎರಡು ಸಾಲು ಹೆಚ್ಚಾಯಿತು ಅಂದಾಗ ಅದನ್ನು ಕಿತ್ತುಹಾಕಿದವಳು ನಾನು. ಆ ಜಾಗಕ್ಕೆ, ಮಕ್ಕಳಿಗೆ ಆಪ್ತವಾಗಲಿ ಎಂದು, 'ನಿಮ್ಮ ಕೇರಿಯ' ಎಂದು ಸೇರಿಸಿದೆ. ನಮ್ಮ ಕೇರಿಯಲ್ಲೂ ಆರೇ ಮನೆ ಎಂಬುದು ಆಗ ನನ್ನ ತಲೆಗೇ ಹೋಗಲಿಲ್ಲ. ಲಿಖಿತಾಳ ತಲೆಗೆ ಹೋಯಿತು. ಪುಸ್ತಕದ ಮೊದಲ ಪುಟದಲ್ಲಿ ನೀನೇ ಬರೆಸಿದ ಸೂಚನೆ ಇದೆಯಲ್ಲ, ಕೊಟ್ಟಿಲ್ಲದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ. ಅದನ್ನು ಅಕ್ಷರಶಃ ಪಾಲಿಸಿದ ಮಗು ಇಡೀ ಶಾಲೆಯಲ್ಲಿ ಅವಳೊಬ್ಬಳು.

ಅವಳು ಬರೆದ ಕಾರಣವನ್ನು ನಿನಗೆ ಹೇಳಿದಳೋ ಇಲ್ಲವೋ. ಇಲ್ಲಿ ಇದ್ದ ಹಾಗೇ ಇಳಿಸುತ್ತೇನೆ: '೨೯. ಯಾಕೆಂದರೆ ಒಂದು ಮನೆಯಿಂದ ಒಂದು ಮನೆಗೆ ಬರಲಿಲ್ಲ. ನಾನು ಕತ್ತಲಾಗುವವರೆಗೆ ಬಾಗಿಲಲ್ಲಿ ಕೂತು ನೋಡಿದ್ದೇನೆ.' ಯಾವ ಮನೆ ಎಂದು ಬರೆದಿಲ್ಲ. ಪ್ರಶ್ನೆಯಲ್ಲಿ ಕೇಳಿರಲಿಲ್ಲವಲ್ಲ. ನಾನು ಹಾಕಿದ ಇಂಟು ಗುರುತಿಗೆ ಆ ಜಾಗದಲ್ಲಿ ಕಾಗದ ಹರಿದಿದೆ.

ಹಬ್ಬದ ದಿನ ನಾಲ್ಕು ಗಂಟೆಗೆ ಅವಳು ಹಸಿರು ಲಂಗ ಉಟ್ಟು, ತಟ್ಟೆ ತುಂಬ ಪೊಟ್ಟಣ ಹಿಡಿದು ಬಂದಳು. ನಮ್ಮದನ್ನು ನನ್ನ ಕೈಗಿಟ್ಟು ತಟ್ಟೆ ಚಾಚಿಕೊಂಡೇ ನಿಂತಳು, ವಾಡಿಕೆಯಂತೆ ನಾನು ತಿರುಗಿ ಒಂದು ಇಡುತ್ತೇನೆಂದು. ಆಮೇಲೆ ನಾನೇ ತಂದು ಕೊಡ್ತೀನಿ ಪುಟ್ಟಿ ಅಂದೆ. ಹಾಲಿನಲ್ಲಿ ಹಿಂದಿನ ದಿನವಷ್ಟೇ ಬಂದ ಪುಸ್ತಕದ ಬಂಡಲುಗಳ ಮೇಲೆ ಬೆಡ್‌ಶೀಟ್ ಹೊದಿಸಿದ್ದೆ. ಅದೇನು ಸೌಂದತ್ತೆ ಅಂತ ಕೇಳಿದಳು. ರೇಷನ್ ಅಂದೆ.

ಆಮೇಲೆ ನಾನು ಬರಲಿಲ್ಲ. ನಮ್ಮ ಅತ್ತೆಯ ಸ್ವಭಾವ ನಿನಗೆ ಗೊತ್ತಲ್ಲ. ಯುವರಾಜ್ ನಿನ್ನನ್ನು ಬಿಟ್ಟುಹೋಗಿ, ಕೋರ್ಟಿನಲ್ಲಿ ಡೈವರ್ಸ್ ಆದ ಮೇಲೆ ಇದು ಮೊದಲ ಸಂಕ್ರಾಂತಿ. ಮುತ್ತೈದೆಯರ ಹಬ್ಬ, ಆ ಮನೆಗೆ ಎಳ್ಳು ಬೇಡ ಎಂದುಬಿಟ್ಟರು. ಹಬ್ಬದ ದಿನ ಹಿರಿಯರ ಎದುರು ಜಗಳ ತೆಗೆಯಲಾರದೆ ಸುಮ್ಮನಾದೆ. ಎದುರಾಡದ್ದು ನನ್ನ ತಪ್ಪು, ಒಪ್ಪುತ್ತೇನೆ. ಎಳ್ಳು ಕೊಡದೆ ಸ್ನೇಹಕ್ಕೇ ಎಳ್ಳುನೀರು ಬಿಟ್ಟಂತಾಯಿತು.

ಎಂಟನೇ ತಾರೀಕು ನಿನ್ನ ಮನೆ ಮುಂದೆ ಟೆಂಪೋ ನಿಂತಾಗ ನಾನು ಪರದೆಯ ಹಿಂದೆ ಇದ್ದೆ. ಹೊಲಿಗೆ ಮೆಷಿನ್ನು ಹತ್ತಿಸಲು ನೀನೂ ಡ್ರೈವರನೂ ಒದ್ದಾಡುತ್ತಿದ್ದಿರಿ. ಮೂರನೆಯವರು ಒಬ್ಬರು ಬೇಕಿತ್ತು. ನಾನು ಪರದೆಯ ರಿಂಗುಗಳನ್ನು ಎಣಿಸಿದೆ, ಹದಿನಾಲ್ಕು. ಅತ್ತೆ ಈಗಲೂ ನಿನ್ನ ಮೇಲೆ ಬೇಜಾರಾಗಿದ್ದಾರೆ. ಅಷ್ಟು ವರ್ಷ ಎದುರುಬದುರು ಇದ್ದೋಳು ಒಂದು ಮಾತು ಹೇಳದೆ ಭದ್ರಾವತಿಗೆ ಅಮ್ಮನ ಮನೆಗೆ ಹೋಗಿಬಿಟ್ಲಲ್ಲೇ, ನಾವೇನು ಕಮ್ಮಿ ಮಾಡಿದ್ವಿ ಅವಳಿಗೆ ಅಂತ ದಿನಾ ಕೇಳುತ್ತಾರೆ. ದಿನಾ ಚಪಾತಿ ಹಿಟ್ಟು ಜೋರಾಗಿ ನಾದುತ್ತೇನೆ.

ಲಿಖಿತಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುವುದರಿಂದ ಕೆಲವು ದಿನ ಪ್ರಾರ್ಥನೆ ಮುಗಿದ ಮೇಲೆ ಬಂದು ನಿಲ್ಲುತ್ತಾಳೆ. ಯಾಕೆ ಲೇಟು ಎಂದರೆ ಮಲವಗೊಪ್ಪದ ಹತ್ತಿರ ಬಸ್ಸು ನಿಂತಿತ್ತು ಮಿಸ್ ಅನ್ನುತ್ತಾಳೆ. ಈಗ ಗೇಟಿನ ಹೊರಗೂ ನಾನು ಮಿಸ್ಸೇ. ಸೌಂದತ್ತೆ ಎನ್ನುವುದನ್ನು ಬಿಟ್ಟಿದ್ದಾಳೆ, ಯಾರೂ ಹೇಳಿಕೊಟ್ಟಿರಲಾರರು. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿದರೆ ಅವಳಿಗೆ ಉತ್ತರ ಗೊತ್ತಿರುತ್ತದೆ, ಮುಖದಲ್ಲೇ ಕಾಣುತ್ತದೆ. ಕೈ ಎತ್ತುವುದಿಲ್ಲ.

ಶುಕ್ರವಾರ ಅವಳ ಟೀಸಿಯ ಅರ್ಜಿ ನನ್ನ ಮೇಜಿಗೆ ಬಂತು, ಪರೀಕ್ಷೆ ಮುಗಿದ ಮೇಲೆ ಶಾಲೆ ಬಿಡಿಸುವುದಕ್ಕೆ. ಕ್ಲಾಸ್ ಟೀಚರ್ ಸಹಿ ಬೇಕು. ಕಾರಣ ಎಂಬಲ್ಲಿ ನೀನು 'ಮನೆ ಬದಲಾವಣೆ' ಎಂದಷ್ಟೇ ಬರೆದಿದ್ದೀಯ. ಇನ್ನೂ ಮೂರು ಸಾಲು ಖಾಲಿ ಬಿಟ್ಟಿದ್ದೀಯ. ಬರೆಯಬಹುದಿತ್ತು. ನಾನು ಸಹಿ ಹಾಕಿದೆ. ಬೇಡ, ಕಳಿಸಬೇಡ ಎನ್ನುವ ಯೋಗ್ಯತೆ ಇದ್ದವರು ಬೇರೆ ರೀತಿ ನಡೆದುಕೊಂಡಿರುತ್ತಾರೆ.

ಇದರ ಜೊತೆ ಅವಳ ಉತ್ತರ ಪತ್ರಿಕೆ ಇಟ್ಟಿದ್ದೇನೆ. ಹರಿದ ಜಾಗಕ್ಕೆ ಹಿಂದಿನಿಂದ ಟೇಪ್ ಅಂಟಿಸಿ, ಎರಡು ಅಂಕ ಕೊಟ್ಟು, ಇಪ್ಪತ್ತಕ್ಕೆ ಇಪ್ಪತ್ತು ಮಾಡಿ ಸಹಿ ಹಾಕಿದ್ದೇನೆ. ಮೇಳ ಮುಗಿದ ಮೇಲೆ ಬಂದ ಅಂಕಕ್ಕೆ ಎಷ್ಟು ಬೆಲೆ ಎಂದು ನನಗೂ ಗೊತ್ತು. ಇದನ್ನು ಹೂವಪ್ಪ ಮೇಷ್ಟ್ರಿಗೆ ಹೇಳಿಲ್ಲ. ಹೇಳಹೊರಟರೆ ಕಾರಣವನ್ನೂ ಹೇಳಬೇಕಾಗುತ್ತದೆ, ಮೊದಲು ಪುಸ್ತಕದ ಕಾರಣ, ಆಮೇಲೆ ಇದರದ್ದು. ನಾಳೆ ಹೇಳುತ್ತೇನೆ ಎಂದು ಬರೆಯಬಹುದು. ನೀನು ಓದಿ, ಹಾಜರಿ ಸಿಗುತ್ತೋ ಇಲ್ವೋ ಅಂತ ಕೇಳುತ್ತೀಯ. ಅದಕ್ಕೆ ಬರೆಯುತ್ತಿಲ್ಲ.

ಗುಣಾಕಾರ ಕಲಿಸಿ ಸಂಬಳ ತೆಗೆದುಕೊಳ್ಳುವವಳಿಗೆ ಗುಣವೂ ಇರಬೇಕೆಂದು ಯಾವ ನೇಮಕಾತಿ ಆದೇಶದಲ್ಲೂ ಬರೆದಿಲ್ಲ. ಸದ್ಯ ಬದುಕಿಕೊಂಡಿದ್ದೇನೆ.

ಈಗಲೂ ನಿನ್ನ ಖಾಲಿ ಮನೆಯ ಎದುರಿಗಿರುವ
ಸೌಂದರ್ಯ

ತಾ.ಕ.: ಮೇಲೆ ಅತ್ತೆಯ ಬಗ್ಗೆ ಬರೆದದ್ದನ್ನು ಹೊಡೆದುಹಾಕಬೇಕಿತ್ತು. ನಾನು ಎಷ್ಟು ಸರಾಗವಾಗಿ ಬರೆಯುತ್ತೇನೆಂದು ನೀನು ನೋಡಲಿ ಎಂದು ಬಿಟ್ಟಿದ್ದೇನೆ. ಅತ್ತೆ ಬೇಡ ಅನ್ನಲಿಲ್ಲ. ಐದೂ ಪೊಟ್ಟಣ ಕಟ್ಟಿದ್ದು ಅವರೇ. ನಿನ್ನದರಲ್ಲಿ ಲಿಖಿತಾಳಿಗೆಂದು ಸಕ್ಕರೆ ಅಚ್ಚಿನ ಗಿಣಿಯನ್ನೂ ಇಟ್ಟು, ಈ ವರ್ಷ ತನು ಮನೆಗೇ ಮೊದಲು ಹೋಗಿ ಬಾರೇ, ಆ ಹುಡುಗಿ ಮನಸ್ಸಿಗೆ ಏನೂ ಅನ್ನಿಸಬಾರದು ಅಂದರು. ನಾನು ಉಳಿದ ನಾಲ್ಕು ಮನೆ ಮುಗಿಸಿ ನಿನ್ನ ಗೇಟಿನವರೆಗೂ ಬಂದೆ. ಒಳಗೆ ಬಂದಿದ್ದರೆ ಎಳ್ಳಿನ ಜೊತೆ ಪುಸ್ತಕವನ್ನೂ ಕೈಗಿಡಬೇಕಿತ್ತು. ತಿರುಗಿದೆ. ಕೊಟ್ಟೆಯೇನೇ ಅಂತ ಅತ್ತೆ ಕೇಳಿದರು, ಕೊಟ್ಟೆ ಅಂದೆ. ನೀನು ಕೇಳಿದ ಮೂವತ್ತನೆಯದು ನಮ್ಮ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಹಿಂದೆ ಇದೆ. ಕೊಬ್ಬರಿ ಕಮಟು ಹಿಡಿದಿದೆ, ಗಿಣಿಯ ಕೊಕ್ಕು ಇರುವೆ ತಿಂದಿದೆ, ಕಳಿಸುವ ಹಾಗಿಲ್ಲ. ಅತ್ತೆಗೆ ಇನ್ನೂ ಹೇಳಿಲ್ಲ. ಇಡೀ ಕೇರಿಯಲ್ಲಿ ಮೂವತ್ತು ಎಂದು ನಂಬಿಕೊಂಡಿರುವವರು ಈಗ ಅವರೊಬ್ಬರೇ.