ಟಿ.ವಿ.ಗೆ ಹೇಳಿದ ಮಾತು

ಯಡಿಯೂರು, ಬೆಂಗಳೂರು
ನವೆಂಬರ್ ೧೪, ಶುಕ್ರವಾರ

ಪ್ರೀತಿಯ ಅಮ್ಮ,

ಮಗಳು ಕಾಗದ ಬರೆದಳೆಂದು ಗಾಬರಿ ಬೀಳಬೇಡ, ಎಲ್ಲರೂ ಚೆನ್ನಾಗಿದ್ದೇವೆ. ನಮ್ಮದು ಎರಡು ಕೋಣೆಯ ಮನೆ. ಫೋನಿನಲ್ಲಿ ಪಿಸುಗುಟ್ಟಿದರೂ ಅತ್ತೆಯ ಕಿವಿಗೆ ಬೀಳುತ್ತದೆ, ಮತ್ತು ಇದು ಅತ್ತೆಯದೇ ವಿಷಯ. ಅದಕ್ಕೇ ಆಫೀಸಿನ ಊಟದ ಬಿಡುವಿನಲ್ಲಿ ಕೂತು ಬರೆಯುತ್ತಿದ್ದೇನೆ.

ಶ್ರಾವಣದಲ್ಲಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗಿನಿಂದ ನೀನು ದಿನಾ ಫೋನ್ ಮಾಡಿ ಮನಸ್ಸು ಹಗುರವಾಯಿತಾ ಎಂದು ಕೇಳುತ್ತೀಯ. ನಾನು ಹ್ಞೂಂ ಎನ್ನುತ್ತೇನೆ. ಸುಳ್ಳು, ಅಮ್ಮ. ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಹೋದ ಮೇಲೆ ನನಗೆ ಅಳುವೇ ಬಂದಿರಲಿಲ್ಲ, ನೀನು ಬಂದು ಜೊತೆಗಿದ್ದಾಗಲೂ. ಯಾರಾದರೂ ಆ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಅತ್ತೆಯೂ ಒಂದೆರಡು ಸಲ ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದರು.

ಇನ್ನು ಟಿ.ವಿ. ಕಥೆ ಕೇಳು. ಈ ತಿಂಗಳ ಕೊನೆಗೆ ಕೇಬಲ್ ತೆಗೆಸಿಬಿಡಬೇಕೆಂದು ನಿನ್ನ ಅಳಿಯ ಸುಮನ್ ಹಟ ಹಿಡಿದಿದ್ದರು. ಅವರ ಮಾತಿನಲ್ಲೂ ಹುರುಳಿದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಸಂಜೆ ಏಳೂವರೆಗೆ ಬೀದಿಯ ಪ್ರತಿ ಕಿಟಕಿಯಿಂದಲೂ ಒಂದೇ ಧಾರಾವಾಹಿಯ ಹಾಡು ಕೇಳುತ್ತಿತ್ತು. ಈಗ ಬೀದಿ ತಣ್ಣಗಿದೆ. ಸಂಜೆಯ ಕಂತು ಬೆಳಗ್ಗೆಯೇ ಆ್ಯಪಿಗೆ ಬಂದುಬಿಡುತ್ತದೆ. ಮಹಡಿ ಮನೆಯ ಲಿಖಿತಾ ಅದನ್ನು ಫೋನಿಗೆ ಇಳಿಸಿಕೊಂಡು ಮೆಟ್ರೋದಲ್ಲೇ ನೋಡಿ ಮುಗಿಸುತ್ತಾಳೆ. ಅವರ ಮನೆಯ ಟಿ.ವಿ.ಗೆ ಬಟ್ಟೆ ಹೊದಿಸಿ ವರ್ಷವಾಯಿತು.

"ಯಾರ್ ನೋಡ್ತಾರಮ್ಮ ಈಗ ಟಿ.ವಿ.ನ? ಫೋನಿಗೆ ಡೌನ್‌ಲೋಡ್ ಮಾಡ್ಕೊಡ್ತೀನಿ, ಆರಾಮಾಗಿ ನೋಡು," ಎಂದರು ಸುಮನ್. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಂಗೆ ಆ ಫೋನೆಲ್ಲ ಬರಲ್ಲಪ್ಪ. ಟಿ.ವಿ. ಇರ್ಲಿ," ಎಂದು ಕೂತರು.

ಟಿ.ವಿ. ಜೊತೆ ಮಾತಾಡುವುದು ಅತ್ತೆಯ ಹಳೆಯ ಚಾಳಿ, ನಿನಗೇ ಗೊತ್ತು. ವಾರ್ತೆ ಓದುವವಳಿಗೂ ಉತ್ತರ ಕೊಡುತ್ತಾರೆ. ದೀಪಾವಳಿಗೆ ಮುಂಚೆ ಒಂದು ಸಂಜೆ, ಧಾರಾವಾಹಿಯ ಸೊಸೆ ಚಂದನಾಳ ಗರ್ಭ ಹೋಯಿತು. ನಾದಿನಿ ಹಾಲಿನಲ್ಲಿ ಏನೋ ಬೆರೆಸಿದ್ದಳು. ನಾನು ಎದ್ದು ಹೊರಟೆ. ಅಷ್ಟರಲ್ಲಿ ಅತ್ತೆ ಟಿ.ವಿ.ಗೆ ಹೇಳಿದರು: "ಮೆಟ್ಟಿಲು ಹತ್ತಿದ್ದಕ್ಕೇ ಹಿಂಗಾಯ್ತು ಅಂತ ಕೊರಗ್ಬೇಡ ಕಣಮ್ಮ. ನಿಂದೇನೂ ತಪ್ಪಿಲ್ಲ. ಅತ್ಬಿಡು, ನಾನಿದೀನಿ."

ಧಾರಾವಾಹಿಯಲ್ಲಿ ಮೆಟ್ಟಿಲೇ ಇರಲಿಲ್ಲ, ಅಮ್ಮ. ಆಫೀಸಿನ ಲಿಫ್ಟು ಕೆಟ್ಟ ದಿನ ನಾಲ್ಕು ಮಹಡಿ ಹತ್ತಿದವಳು ನಾನು. ಆ ಕೊರಗನ್ನು ಸುಮನ್‌ಗೊಬ್ಬರಿಗೇ ಹೇಳಿದ್ದೆ, ಅದೂ ಪಿಸುಮಾತಿನಲ್ಲಿ. ನಾನು ಅಲ್ಲೇ ಕುಸಿದು ಕೂತು ಬಿಕ್ಕಿದೆ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. ರಿಮೋಟು ಎತ್ತಿಕೊಂಡು ಸದ್ದು ಹೆಚ್ಚು ಮಾಡಿದರು, ಒಳಗಿದ್ದ ಸುಮನ್‌ಗೆ ಕೇಳದಿರಲೆಂದು.

ಆಮೇಲೆ ದಿನಾ ಹೀಗೇ. ಚಂದನಾ ಊಟ ಬಿಟ್ಟರೆ ಅವಳಿಗೆ ಬೈದು ನನ್ನ ಕೈಗೆ ತಟ್ಟೆ ಕೊಡುತ್ತಿದ್ದರು. ಅವಳು ಮಗುವಿಗೆಂದು ಹೊಲಿದ ಕುಲಾವಿಯನ್ನು ಕೈಯಲ್ಲಿ ಹಿಡಿದು ನಿಂತ ದಿನ, "ಎಸೀಬೇಡ, ಇಟ್ಕೊ. ಅದೂ ನಿನ್ ಕೂಸೇ," ಎಂದರು. ನಾನೂ ಬೀರುವಿನಲ್ಲಿ ಒಂದು ಇಟ್ಟಿದ್ದೇನೆ. ಇಷ್ಟು ಸರಿಯಾದ ಮಾತು ಇವರಿಗೆ ತಟ್ಟನೆ ಹೇಗೆ ಹೊಳೆಯುತ್ತದೆ ಎಂದು ಬೆರಗಾಗುತ್ತಿದ್ದೆ.

ನಿನ್ನೆ ಗೊತ್ತಾಯಿತು. ಫೋಟೋ ಬರುತ್ತಿಲ್ಲ ನೋಡು ಎಂದು ಅತ್ತೆ ತಮ್ಮ ಫೋನ್ ಕೊಟ್ಟರು. ಜಾಗ ತುಂಬಿಹೋಗಿತ್ತು. ತೆರೆದರೆ, ದೀಪಾವಳಿಗೆ ಮುಂಚಿನಿಂದ ಬಂದ ಕಂತುಗಳೆಲ್ಲ ಸಾಲಾಗಿ ಇಳಿದು ಕೂತಿವೆ. ನಿನ್ನೆ ಸಂಜೆ ಬರಬೇಕಾಗಿದ್ದದ್ದೂ ಇತ್ತು, ಅದನ್ನು ಕೊನೆಯವರೆಗೆ ನೋಡಿಯೂ ಆಗಿತ್ತು. ಫೋನ್ ಬರಲ್ಲ ಅಂದವರು! ಲಿಖಿತಾಳನ್ನು ಕೇಳಿದೆ. "ಆಂಟಿಗೆ ನಾನೇ ಹೇಳ್ಕೊಟ್ಟೆ ಅಕ್ಕ. ಮನೇಲಿ ಡೌನ್‌ಲೋಡ್ ಮಾಡ್ಕೊಂಡು, ವಾಕಿಂಗ್ ಹೋದಾಗ ಕೆರೆ ಹತ್ರ ಬೆಂಚ್ ಮೇಲೆ ಕೂತು ನೋಡ್ತಾರೆ. ಆಮೇಲೆ ಅಲ್ಲೇ ಒಬ್ರೇ ಏನೋ ಮಾತಾಡ್ಕೋತಿರ್ತಾರೆ," ಎಂದಳು.

ಆಗ ಅರ್ಥವಾಯಿತು. ನನಗೆ ಹೇಳಬೇಕಾದ ಮಾತನ್ನು ಅತ್ತೆ ಬೆಳಗ್ಗೆಯೇ ಕೆರೆ ದಂಡೆಯಲ್ಲಿ ಹೊಂದಿಸಿಕೊಂಡು, ನಾನು ಆಫೀಸಿನಿಂದ ಬರುವವರೆಗೆ ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದರು. ನೇರ ಹೇಳಿದರೆ ನಾನು ಎದ್ದು ಹೋಗುತ್ತೇನಲ್ಲ. ನಿನ್ನೆ ಸಂಜೆ ನಾನು ಟಿ.ವಿ. ನೋಡಲಿಲ್ಲ, ಅವರನ್ನೇ ನೋಡಿದೆ. ಗೊತ್ತಿದ್ದ ಕಥೆಗೆ "ಅಯ್ಯೋ ಶಿವನೇ" ಎಂದು ಎದೆ ಮುಟ್ಟಿಕೊಂಡರು. ಆದರೆ ಕಣ್ಣಲ್ಲಿದ್ದ ನೀರು ನಿಜವಾದದ್ದು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಇವರು ಎಂಥವರೆಂದು ನನಗೆ ತಿಳಿದಿರಲಿಲ್ಲ.

ಅವರ ಫೋನಿನ ಗುಡ್ ಮಾರ್ನಿಂಗ್ ಚಿತ್ರಗಳನ್ನೆಲ್ಲ ಅಳಿಸಿ ಜಾಗ ಮಾಡಿಕೊಟ್ಟೆ. ಕಂತುಗಳನ್ನು ಮುಟ್ಟಲಿಲ್ಲ, ಏನೂ ಕೇಳಲೂ ಇಲ್ಲ. ಕೇಬಲ್ ತೆಗೆಸುವುದು ಬೇಡವೆಂದು ಸುಮನ್‌ಗೆ ಹೇಳಿಬಿಟ್ಟೆ. ಫೋನು ಒಬ್ಬರ ಕೈಗೆ ಸರಿ, ಟಿ.ವಿ. ಎದುರು ಇಬ್ಬರು ಕೂರಬಹುದು. ಸುಮನ್ ನನ್ನ ಮುಖ ನೋಡಿ ಒಪ್ಪಿದರು.

ಈ ಕಾಗದ ಸಿಕ್ಕಿದ ದಿನ ಫೋನ್ ಮಾಡಿದಾಗ ಅದೇ ಪ್ರಶ್ನೆ ಕೇಳು. ಹ್ಞೂಂ ಎಂದರೆ ಈ ಸಲ ನಂಬು.

ನಿನ್ನ ಮಗಳು,
ಪ್ರೇರಣಾ

ಮರೆತಿದ್ದೆ: ಇವತ್ತಿನ ಕಂತನ್ನು ನಾನೂ ಬೆಳಗ್ಗೆಯೇ ಇಳಿಸಿಕೊಂಡು ಬಸ್ಸಿನಲ್ಲಿ ನೋಡಿದೆ. ಚಂದನಾಳ ಅತ್ತೆ ದೇವರ ಮನೆಯಲ್ಲಿ ಒಬ್ಬರೇ ಕೂತು ಅಳುತ್ತಾರೆ, ಯಾರೂ ಬಂದು ಮಾತಾಡಿಸುವುದಿಲ್ಲ. ಸಂಜೆ ಟಿ.ವಿ.ಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೇನೆ: "ಅವ್ರ ಮೊಮ್ಮಗೂನೂ ಅಲ್ವಾ ಹೋಗಿದ್ದು. ಅವ್ರನ್ನ ಯಾರಾದ್ರೂ ಕೇಳಿದ್ರಾ?"